ಮನೆಯಂಗಳದಲ್ಲಿ ವಸಾಬಿ: ಮೊದಲು ಹಳ್ಳದ ನೀರನ್ನು ಕೇಳೋಣ

(ಬಳಗದ ಸಭೆಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಇಂದು ನಾನು ಎತ್ತಿಕೊಂಡಿರುವ ವಿಷಯ ಮೇಲ್ನೋಟಕ್ಕೆ ನಮ್ಮ ಬದುಕಿಗೆ ದೂರದ್ದೆಂದು ತೋರಬಹುದು. ವಸಾಬಿ ಜಪಾನಿನ ಗಿಡ; ಹಾರ್ಸ್‌ರಾಡಿಶ್ ಯುರೋಪಿನದು. ಎರಡೂ ನಮ್ಮ ಅಡುಗೆಮನೆಗಳು ಕಂಡ ವಸ್ತುಗಳಲ್ಲ. ಆದರೂ ಈ ಹೆಸರುಗಳು ಈಗ ನಮ್ಮ ತೋಟಗಳವರೆಗೆ ಬಂದು ತಲುಪಿವೆ. ಪೇಟೆಯ ಹೋಟೆಲುಗಳಲ್ಲಿ ಜಪಾನೀ ಊಟ ಬಡಿಸತೊಡಗಿದ ಮೇಲೆ, “ಇದು ಬಹಳ ಬೆಲೆಬಾಳುವ ಗೆಡ್ಡೆ, ನೆರಳಿನಲ್ಲಿ ಹಳ್ಳದ ದಂಡೆಯಲ್ಲಿ ಬೆಳೆಯುತ್ತದೆ, ನಮ್ಮಲ್ಲೇಕೆ ಬೆಳೆಯಬಾರದು?” ಎಂದು ಕೇಳುವವರು ಹೆಚ್ಚಾಗಿದ್ದಾರೆ.

ಪ್ರಶ್ನೆ ನ್ಯಾಯವಾದದ್ದೇ. ಕಾಫಿ, ಮೆಣಸಿನಕಾಯಿ, ಅನಾನಸು ಎಲ್ಲವೂ ಒಂದು ಕಾಲಕ್ಕೆ ಹೊರಗಿನಿಂದ ಬಂದವೇ. ಹೊಸ ಗಿಡವನ್ನು ಕಂಡ ಕೂಡಲೇ ಬೇಡವೆನ್ನುವುದು ಕೃಷಿಕನ ಗುಣವಲ್ಲ. ಆದರೆ “ನೆರಳು, ಹಳ್ಳದ ದಂಡೆ” ಎಂಬ ಆ ಎರಡು ಮಾತುಗಳು ನನ್ನನ್ನು ಚಿಂತೆಗೆ ಹಚ್ಚಿವೆ. ಇವೆರಡೂ ಮಲೆನಾಡಿನಲ್ಲಿ ಬೇಕಾದಷ್ಟಿವೆ ಎಂದು ಎಣಿಸಿ ಯಾರಾದರೂ ಹಾರೆ ಹಿಡಿದು ಹಳ್ಳಕ್ಕಿಳಿದರೆ, ಆಗುವ ನಷ್ಟ ಅವರೊಬ್ಬರ ಹಣದ್ದಷ್ಟೇ ಆಗಿರುವುದಿಲ್ಲ. ಆದ್ದರಿಂದ ಈ ಗಿಡಗಳ ಸ್ವಭಾವವನ್ನು ಮೊದಲು ತಿಳಿದು, ಅನಂತರ ನೆಡುವ ಮಾತನ್ನಾಡೋಣ.

ಘಾಟಿನ ಗುಟ್ಟು

ವಸಾಬಿ, ಹಾರ್ಸ್‌ರಾಡಿಶ್, ಸಾಸಿವೆ, ಮೂಲಂಗಿ, ಎಲೆಕೋಸು ಇವೆಲ್ಲ ಒಂದೇ ಸಸ್ಯ ಕುಟುಂಬಕ್ಕೆ ಸೇರಿದವು. ನಾವು ಅದನ್ನು ಸಾಸಿವೆಯ ಕುಟುಂಬವೆಂದು ಕರೆಯುತ್ತೇವೆ. ಈ ಗಿಡಗಳಲ್ಲಿ ಗ್ಲೂಕೋಸಿನೊಲೇಟ್ ಎಂಬ ಗಂಧಕಯುಕ್ತ ವಸ್ತುಗಳಿವೆ. ವಸಾಬಿ, ಹಾರ್ಸ್‌ರಾಡಿಶ್ ಮತ್ತು ಸಾಸಿವೆಯಲ್ಲಿರುವ ಮುಖ್ಯ ವಸ್ತುವಿಗೆ ಸಿನಿಗ್ರಿನ್ ಎಂದು ಹೆಸರು. ಅದಕ್ಕೆ ಸ್ವತಃ ಘಾಟಿಲ್ಲ. ಅದೇ ಗಿಡದಲ್ಲಿ, ಆದರೆ ಬೇರೆಯಾಗಿ ಇರಿಸಿದ ಕೋಶಗಳಲ್ಲಿ, ಮೈರೋಸಿನೇಸ್ ಎಂಬ ಕಿಣ್ವವಿರುತ್ತದೆ. ಹುಳುವೊಂದು ಗಿಡವನ್ನು ಕಚ್ಚಿದಾಗ, ಅಥವಾ ನಾವು ಬೇರನ್ನು ತುರಿದಾಗ, ಕೋಶಗಳು ಒಡೆದು ಇವೆರಡೂ ಕೂಡುತ್ತವೆ. ಆಗ ಹುಟ್ಟುವುದೇ ಅಲ್ಲೈಲ್ ಐಸೊಥಯೊಸಯನೇಟ್ ಎಂಬ ಘಾಟು. ಅಂದರೆ ನಮ್ಮ ನಾಲಿಗೆಗೆ ರುಚಿಯೆನಿಸುವುದು ಗಿಡದ ಆತ್ಮರಕ್ಷಣೆಯ ಆಯುಧ.

ಮೆಣಸಿನಕಾಯಿಯ ಖಾರ ನಾಲಿಗೆಯ ಮೇಲೆ ಕುಳಿತು ಉರಿಸುತ್ತದೆ. ಈ ಘಾಟು ಆವಿಯಾಗಿ ನೇರವಾಗಿ ಮೂಗಿಗೇರುತ್ತದೆ, ಕಣ್ಣಲ್ಲಿ ನೀರು ತರಿಸಿ ಕೆಲವೇ ಕ್ಷಣಗಳಲ್ಲಿ ಇಳಿಯುತ್ತದೆ. ಕಿವಿ ಕೇಳಿಸದವರನ್ನು ನಿದ್ದೆಯಿಂದ ಎಬ್ಬಿಸಲು ಗಾಳಿಯಲ್ಲಿ ವಸಾಬಿಯ ಘಾಟನ್ನು ಸಿಂಪಡಿಸುವ ಬೆಂಕಿ ಎಚ್ಚರಿಕೆಯ ಸಾಧನವೊಂದನ್ನು ಜಪಾನಿನ ಸಂಶೋಧಕರು ರೂಪಿಸಿದರು. 2011ರಲ್ಲಿ ಅವರಿಗೆ, ಮೊದಲು ನಗಿಸಿ ಅನಂತರ ಚಿಂತನೆಗೆ ಹಚ್ಚುವ ಸಂಶೋಧನೆಗಳಿಗೆಂದೇ ಇರುವ ಇಗ್ ನೊಬೆಲ್ ಬಹುಮಾನ ದೊರೆಯಿತು.

ವಿದ್ಯಾರ್ಥಿಗಳು ಈ ಗುಟ್ಟನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಚಮಚ ಹಸಿ ಸಾಸಿವೆಯನ್ನು ತಣ್ಣೀರು ಹಾಕಿ ಅರೆಯಿರಿ. ಇನ್ನೊಂದು ಚಮಚ ಸಾಸಿವೆಯನ್ನು ಚೆನ್ನಾಗಿ ಹುರಿದು ಹಾಗೆಯೇ ಅರೆಯಿರಿ. ಹತ್ತು ನಿಮಿಷ ಬಿಟ್ಟು ಎರಡನ್ನೂ ಮೂಸಿ ನೋಡಿ. ಮೊದಲನೆಯದು ಮೂಗಿಗೇರುತ್ತದೆ, ಎರಡನೆಯದು ಸುಮ್ಮನಿರುತ್ತದೆ. ಹುರಿದಾಗ ಕಿಣ್ವ ನಾಶವಾಗುತ್ತದೆ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆಗೆ ಪರಿಮಳವಿದ್ದು ಘಾಟಿಲ್ಲದಿರುವುದಕ್ಕೂ, ತೆಂಗಿನಕಾಯಿಯೊಂದಿಗೆ ಹಸಿಯಾಗಿ ಅರೆದು ಮಾಡಿದ ಸೌತೆಕಾಯಿಯ ಸಾಸಿವೆ ಮೂಗಿಗೇರುವುದಕ್ಕೂ ಇದೇ ಕಾರಣ. ಈ ರಸಾಯನಶಾಸ್ತ್ರವನ್ನು ನಮ್ಮ ತಾಯಂದಿರು ಅರೆಯುವ ಕಲ್ಲಿನ ಮೇಲೆ ನಿತ್ಯವೂ ಮಾಡುತ್ತ ಬಂದಿದ್ದಾರೆ.

ಜಪಾನಿನ ಬೆಟ್ಟದ ನೀರು

ವಸಾಬಿ ಜಪಾನಿನ ಬೆಟ್ಟಗಳ ತೊರೆಗಳಲ್ಲಿ ತಾನಾಗಿ ಬೆಳೆಯುವ ಗಿಡ. ಕ್ರಿ.ಶ. 918ರಷ್ಟು ಹಿಂದಿನ ಔಷಧ ಗ್ರಂಥವೊಂದರಲ್ಲಿ ಅದರ ಉಲ್ಲೇಖವಿದೆ. ಅದನ್ನು ಕಾಡಿನಿಂದ ತಂದು ಬೆಳೆಯಾಗಿ ಮಾಡಿದ್ದು ಸುಮಾರು 400 ವರ್ಷಗಳ ಹಿಂದೆ, ಶಿಜುವೊಕಾ ಪ್ರಾಂತದ ಆಬೆ ನದಿಯ ಮೇಲ್ಕಣಿವೆಯಲ್ಲಿರುವ ಉತೊಗಿ ಎಂಬ ಹಳ್ಳಿಯವರು ಎಂದು ಹೇಳುತ್ತಾರೆ. ಅಲ್ಲಿಂದ ಅದು ಇಜು ಪರ್ಯಾಯ ದ್ವೀಪಕ್ಕೂ ಹಬ್ಬಿತು.

ಇಜುವಿನ ಗದ್ದೆಗಳ ರಚನೆಯನ್ನು ನಾವು ಗಮನವಿಟ್ಟು ನೋಡಬೇಕು. ಕಣಿವೆಯ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಾತಿಗಳು. ಪ್ರತಿ ಪಾತಿಯ ತಳದಲ್ಲಿ ದೊಡ್ಡ ಬಂಡೆಗಳು, ಅದರ ಮೇಲೆ ಸಣ್ಣ ಕಲ್ಲು, ಅದರ ಮೇಲೆ ಜಲ್ಲಿ, ಎಲ್ಲಕ್ಕೂ ಮೇಲೆ ಮರಳು. ಒರತೆಯ ನೀರು ಪಾತಿಯ ಮೇಲೂ ಹರಿಯುತ್ತದೆ, ಕಲ್ಲುಗಳ ಸಂದಿಯಲ್ಲೂ ಇಳಿಯುತ್ತದೆ. ಹೀಗೆ ಇಳಿಯುವಾಗ ನೀರು ಸೋಸಲ್ಪಡುತ್ತದೆ, ಬೇರಿಗೆ ಆಮ್ಲಜನಕ ದೊರೆಯುತ್ತದೆ, ಉಷ್ಣತೆ ಒಂದೇ ಸಮನಾಗಿ ಉಳಿಯುತ್ತದೆ. ವಸಾಬಿ ತನ್ನ ಬೇರಿನಿಂದ ಬಿಡುವ ಘಾಟಿನ ವಸ್ತು ನಿಂತ ಮಣ್ಣಿನಲ್ಲಿ ಅದರ ಬೆಳವಣಿಗೆಯನ್ನೇ ತಡೆಯುತ್ತದೆ. ಹರಿಯುವ ನೀರು ಅದನ್ನು ತೊಳೆದೊಯ್ಯುವುದರಿಂದ ಹೊಳೆಯ ವಸಾಬಿ ದಪ್ಪಗಾಗುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಪಾತಿಗಳ ನಡುವೆ ಆಲ್ಡರ್ ಜಾತಿಯ ಮರಗಳನ್ನು ಬೆಳೆಸುತ್ತಾರೆ. ಅವು ಬೇಸಿಗೆಯಲ್ಲಿ ನೆರಳು ಕೊಟ್ಟು, ಚಳಿಗಾಲದಲ್ಲಿ ಎಲೆಯುದುರಿಸಿ ಬಿಸಿಲು ಬಿಡುತ್ತವೆ. ನಾಗಾನೊ ಪ್ರಾಂತದ ಅಜುಮಿನೊದಲ್ಲಿರುವ, 1915ರಲ್ಲಿ ಆರಂಭವಾದ ಪ್ರಸಿದ್ಧ ವಸಾಬಿ ತೋಟದಲ್ಲಿ ಈ ಕೆಲಸವನ್ನು ಕಪ್ಪು ನೆರಳು ಪರದೆಗಳು ಮಾಡುತ್ತವೆ; ಅಲ್ಲಿನ ನೀರು ಜಪಾನಿನ ಆಲ್ಪ್ಸ್ ಪರ್ವತಗಳ ಹಿಮ ಕರಗಿ ನೆಲದಡಿಯಿಂದ ಬರುವ ನೀರು.

ಗೊಬ್ಬರ, ಕೀಟನಾಶಕಗಳನ್ನು ಈ ಸಾಂಪ್ರದಾಯಿಕ ಗದ್ದೆಗಳಲ್ಲಿ ಅತ್ಯಲ್ಪವಾಗಿ ಬಳಸುತ್ತಾರೆ, ಕೆಲವೆಡೆ ಬಳಸುವುದೇ ಇಲ್ಲ. ಬೆಳೆಗೆ ಬೇಕಾದದ್ದು ನೀರಿನಲ್ಲೇ ಬರುತ್ತದೆ. ಆ ನೀರು ಕೆಳಗಿನ ಊರಿಗೂ ಗದ್ದೆಗೂ ಸಾಗುತ್ತದೆ. 2018ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಶಿಜುವೊಕಾದ ಈ ವಸಾಬಿ ಕೃಷಿಯನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಮನ್ನಿಸಿತು. ಆ ಮನ್ನಣೆ ಒಂದು ಗೆಡ್ಡೆಗೆ ಸಂದದ್ದಲ್ಲ; ಕಾಡು, ಒರತೆ, ಕಲ್ಲಿನ ಪಾತಿ ಮತ್ತು ಅವುಗಳನ್ನು ತಲೆಮಾರುಗಳಿಂದ ಕಾಯ್ದ ಹಳ್ಳಿಗಳು ಎಂಬ ಇಡೀ ವ್ಯವಸ್ಥೆಗೆ ಸಂದದ್ದು.

ಉಷ್ಣಮಾಪಕದ ಲೆಕ್ಕ

ಈಗ ನಮ್ಮ ಹಳ್ಳಕ್ಕೆ ಬರೋಣ. ವಸಾಬಿಗೆ ಹಿತವಾದ ನೀರಿನ ಉಷ್ಣತೆ ಸುಮಾರು 12ರಿಂದ 15 ಡಿಗ್ರಿ ಸೆಲ್ಸಿಯಸ್. ವರ್ಷವಿಡೀ ಅದು ಹೆಚ್ಚು ಏರಿಳಿಯಬಾರದು. ಗಾಳಿಯ ಉಷ್ಣತೆ 8ರಿಂದ 20 ಡಿಗ್ರಿಯ ಒಳಗಿದ್ದರೆ ಗಿಡ ಸುಖವಾಗಿರುತ್ತದೆ. 28ರ ಆಚೆಗೆ ಹೋದರೆ ಎಲೆ ಜೋಲುತ್ತದೆ, ಕೊಳೆರೋಗ ಹಿಡಿಯುತ್ತದೆ.

ನೆಲದಡಿಯಿಂದ ಬರುವ ಒರತೆಯ ನೀರಿಗೆ ಒಂದು ನಿಯಮವಿದೆ. ಅದರ ಉಷ್ಣತೆ ಆ ಸ್ಥಳದ ಗಾಳಿಯ ವಾರ್ಷಿಕ ಸರಾಸರಿ ಉಷ್ಣತೆಗೆ ಹತ್ತಿರವಿರುತ್ತದೆ. ಆದ್ದರಿಂದಲೇ ಬಾವಿಯ ನೀರು ಬೇಸಿಗೆಯಲ್ಲಿ ತಂಪಾಗಿಯೂ ಚಳಿಗಾಲದ ಮುಂಜಾನೆ ಬೆಚ್ಚಗೂ ತೋರುತ್ತದೆ. ಸಮುದ್ರಮಟ್ಟದಿಂದ 600 ಮೀಟರ್ ಎತ್ತರದ ಮಲೆನಾಡಿನ ಊರಿನಲ್ಲಿ ಈ ವಾರ್ಷಿಕ ಸರಾಸರಿ ಸುಮಾರು 24 ಡಿಗ್ರಿ ಎಂದಿಟ್ಟುಕೊಳ್ಳಿ. ನೂರು ಮೀಟರ್ ಮೇಲೇರಿದಂತೆ ಉಷ್ಣತೆ ಸುಮಾರು 0.6 ಡಿಗ್ರಿ ಇಳಿಯುತ್ತದೆ. 24ರಿಂದ 14ಕ್ಕೆ ಇಳಿಯಬೇಕಾದರೆ ಇನ್ನೂ 1,650 ಮೀಟರಿನಷ್ಟು ಏರಬೇಕು. ಅಂದರೆ 2,250 ಮೀಟರ್ ಎತ್ತರದಲ್ಲಿರಬೇಕು. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರವೇ ಸುಮಾರು 1,930 ಮೀಟರ್!

ಈ ಸರಳ ಗಣಿತಕ್ಕೆ ಯಾವ ತಜ್ಞನೂ ಬೇಕಿಲ್ಲ. ವಿದ್ಯಾರ್ಥಿಗಳು ಶಾಲೆಯ ಉಷ್ಣಮಾಪಕವನ್ನು ತೆಗೆದುಕೊಂಡು, ತಮ್ಮ ಊರಿನ ಒರತೆಯಲ್ಲಿ ಪ್ರತಿ ತಿಂಗಳು ಒಂದೇ ಸಮಯಕ್ಕೆ, ನೆರಳಿನಲ್ಲಿ, ಐದು ನಿಮಿಷ ಮುಳುಗಿಸಿ ಅಳತೆ ಬರೆದಿಡಲಿ. ಜೊತೆಗೆ ಒಂದು ಬಿಂದಿಗೆ ತುಂಬಲು ಎಷ್ಟು ಹೊತ್ತು ಹಿಡಿಯಿತೆಂದೂ ಬರೆದಿಡಲಿ. ಒಂದು ವರ್ಷದ ಕೊನೆಗೆ ಆ ಪುಟ, ಹಳ್ಳದಲ್ಲಿ ವಸಾಬಿ ಬೆಳೆಯಬಹುದೇ ಎಂಬ ಪ್ರಶ್ನೆಗೆ ಉತ್ತರ ಕೊಡುತ್ತದೆ. ಅದಕ್ಕಿಂತ ಮುಖ್ಯವಾಗಿ, ನಮ್ಮ ಒರತೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬ ಲೆಕ್ಕ ಮೊದಲ ಬಾರಿಗೆ ಊರಿನವರ ಕೈಗೆ ಸಿಗುತ್ತದೆ.

ದಂಡೆ ಖಾಲಿ ಜಾಗವಲ್ಲ

“ಬೆಳೆಯದಿದ್ದರೆ ಬಿಡಲಿ, ಒಮ್ಮೆ ಪ್ರಯತ್ನಿಸಿ ನೋಡೋಣ” ಎನ್ನುವವರಿಗೆ ನನ್ನ ವಿನಂತಿ: ಪ್ರಯತ್ನ ಅಂಗಳದಲ್ಲಿ ನಡೆಯಲಿ, ಹಳ್ಳದಲ್ಲಿ ಬೇಡ. ನೆರಳಿನ ಹಳ್ಳದ ದಂಡೆಯಲ್ಲಿ ಬೆಳೆಯಿಲ್ಲವೆಂದರೆ ಅಲ್ಲಿ ಏನೂ ಇಲ್ಲವೆಂದು ಅರ್ಥವಲ್ಲ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನನ್ನು ನೆನೆಯಿರಿ. ಅಲ್ಲಿನ ರಾಮಪತ್ರೆಯ ಜಾತಿಯ ಮರಗಳ ಜೌಗು ಕಾಡು ನಿಂತಿರುವುದು ಇಂಥದೇ ಮಂದಗತಿಯ ತೊರೆಗಳ ಮೇಲೆ. ವಿಜ್ಞಾನಕ್ಕೆ ಅದುವರೆಗೆ ತಿಳಿಯದಿದ್ದ ಒಂದು ಮರದ ಜಾತಿ ಆ ಕಾಡಿನಲ್ಲಿ ಪತ್ತೆಯಾಗಿ, 2000ರಲ್ಲಿ ಕತ್ತಲೆಕಾನಿನ ಹೆಸರನ್ನೇ ಪಡೆಯಿತು. ದಂಡೆಯನ್ನು ಅಗೆದು ಕಲ್ಲು ಕಿತ್ತು ಪಾತಿ ಮಾಡಿದರೆ ಮೊದಲ ಮಳೆಗೇ ಮಣ್ಣು ಹಳ್ಳಕ್ಕೆ ಸೇರುತ್ತದೆ. ಕಪ್ಪೆ, ಏಡಿ, ಮೀನುಗಳ ನೆಲೆ ಹೂಳುತ್ತದೆ. ದಬ್ಬೆಯಲ್ಲಿ ಅಬ್ಬಿ ನೀರು ತಂದುಕೊಂಡ ಕೆಳಗಿನ ಮನೆಯವರಿಗೆ ಕೆಸರು ಬರುತ್ತದೆ. ಜಪಾನಿನ ಹಳ್ಳಿಗರು ನಾನೂರು ವರ್ಷ ಕಾದು ಕಟ್ಟಿದ್ದನ್ನು ನಾವು ಒಂದು ಬೇಸಿಗೆಯಲ್ಲಿ ಅನುಕರಿಸಲಾಗದು.

ಕುಂಡದಲ್ಲಿ ವಸಾಬಿ

ಹಾಗಾದರೆ ಆಸಕ್ತರು ಮನೆಯಲ್ಲಿ ಬೆಳೆಯಲೇಬಾರದೇ? ಬೆಳೆಯಬಹುದು, ಕುತೂಹಲಕ್ಕಾಗಿ, ಕುಂಡದಲ್ಲಿ, ಅದೂ ಸಾವಿರ ಮೀಟರಿಗಿಂತ ಮೇಲಿನ ತಂಪು ಊರುಗಳಲ್ಲಿ. ಜಪಾನಿನಲ್ಲೂ ಮಣ್ಣಿನಲ್ಲಿ, ನೆರಳಿನ ತೋಟದಲ್ಲಿ ವಸಾಬಿ ಬೆಳೆಯುವ ಕ್ರಮವಿದೆ. ಅಲ್ಲಿ ಗೆಡ್ಡೆಗಿಂತ ಎಲೆ ಮತ್ತು ತೊಟ್ಟುಗಳಿಗೆ ಪ್ರಾಧಾನ್ಯ. ನಾವು ನಿರೀಕ್ಷಿಸಬೇಕಾದದ್ದೂ ಅಷ್ಟೇ. ಎಲೆ, ತೊಟ್ಟು, ಹೂವು ಎಲ್ಲಕ್ಕೂ ಹದವಾದ ಘಾಟಿದೆ.

ಮೂವತ್ತು ಸೆಂಟಿಮೀಟರ್ ಆಳದ ಕುಂಡದ ತಳದಲ್ಲಿ ಹೆಂಚಿನ ಚೂರುಗಳನ್ನು ಹರಡಿ. ಹಳ್ಳದ ಮರಳು, ಕಲ್ಲು ತರಬೇಡಿ. ನೀರು ಸರಾಗವಾಗಿ ಬಸಿಯುವ, ಕಳಿತ ಎಲೆಗೊಬ್ಬರ ಬೆರೆತ ಮಣ್ಣನ್ನು ತುಂಬಿ. ಕುಂಡವನ್ನು ಮನೆಯ ಉತ್ತರದ ಸೂರಿನಡಿ, ನೇರ ಬಿಸಿಲು ಬೀಳದ ಕಡೆ ಇರಿಸಿ. ಮಣ್ಣು ಯಾವಾಗಲೂ ತೇವವಾಗಿರಬೇಕು, ಆದರೆ ನೀರು ನಿಲ್ಲಬಾರದು. ಮಳೆಗಾಲದಲ್ಲಿ ಬುಡ ಕೊಳೆಯುವುದೂ ಬಸವನಹುಳು ಎಲೆ ತಿನ್ನುವುದೂ ದೊಡ್ಡ ತೊಂದರೆಗಳು. ಬೇಸಿಗೆಯ ಮಧ್ಯಾಹ್ನ ಎಲೆಯ ಮೇಲೆ ತಂಪು ನೀರು ಚಿಮುಕಿಸಿ. ಗೆಡ್ಡೆ ಬಲಿಯಲು ಒಂದೂವರೆಯಿಂದ ಎರಡು ವರ್ಷ ಬೇಕು.

ಬೀಜದ ಬಗ್ಗೆ ಎಚ್ಚರವಿರಲಿ. ವಸಾಬಿ ಬೀಜ ಒಣಗಿದರೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ತೇವದಲ್ಲಿ, ತಂಪಿನಲ್ಲಿ ಇಟ್ಟರೆ ಮಾತ್ರ ಉಳಿಯುತ್ತದೆ. ಹಾಗಾಗಿ ಒಣ ಪೊಟ್ಟಣದ ಬೀಜಕ್ಕೆ ಹಣ ಸುರಿಯಬೇಡಿ. ಹೊರದೇಶದಿಂದ ಬೀಜವನ್ನಾಗಲಿ ಬೇರನ್ನಾಗಲಿ ಅಂಚೆಯಲ್ಲಿ ತರಿಸುವುದು, ನೆಂಟರ ಪೆಟ್ಟಿಗೆಯಲ್ಲಿ ತರುವುದು ಸಲ್ಲದು. 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಆಮದಿಗೆ ಪರವಾನಗಿಯೂ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಇದು ಕೇವಲ ಕಾಗದದ ಕಟ್ಟಳೆಯಲ್ಲ. ಬೇರಿಗಂಟಿದ ಒಂದು ಚಿಟಿಕೆ ಮಣ್ಣಿನಲ್ಲಿ ಬರುವ ರೋಗ, ನಮ್ಮ ಸಾಸಿವೆ, ಮೂಲಂಗಿ, ಕೋಸುಗಳಿಗೆ ತಗುಲಿದರೆ ಅದನ್ನು ಹಿಂದಕ್ಕೆ ಕಳುಹಿಸಲಾಗದು.

ಹಾರ್ಸ್‌ರಾಡಿಶ್

ಹಾರ್ಸ್‌ರಾಡಿಶ್ ಇದಕ್ಕಿಂತ ಒರಟು ಜೀವ. ಆಗ್ನೇಯ ಯುರೋಪು ಮತ್ತು ಪಶ್ಚಿಮ ಏಷ್ಯಾ ಅದರ ಮೂಲ. ಹೆಸರಿನಲ್ಲಿರುವ ‘ಹಾರ್ಸ್’ ಎಂಬುದಕ್ಕೆ ಕುದುರೆಯೊಂದಿಗೆ ಸಂಬಂಧವಿಲ್ಲ. ಇಂಗ್ಲಿಷಿನಲ್ಲಿ ಅದು ದೊಡ್ಡದು, ಒರಟಾದದ್ದು ಎಂಬುದನ್ನು ಸೂಚಿಸುತ್ತಿತ್ತು. ಯೆಹೂದ್ಯರ ಪಾಸ್‌ಓವರ್ ಹಬ್ಬದ ತಟ್ಟೆಯಲ್ಲಿ ದಾಸ್ಯದ ಕಹಿಯನ್ನು ನೆನಪಿಸುವ ವಸ್ತುವಾಗಿ ಇದನ್ನು ಅನೇಕರು ಇಡುತ್ತಾರೆ. ಜರ್ಮನಿಯಿಂದ ವಲಸೆ ಹೋದ ರೈತರು ಅಮೆರಿಕದ ಇಲಿನಾಯ್ ರಾಜ್ಯದ ಕಾಲಿನ್ಸ್‌ವಿಲ್ ಸುತ್ತ, ಮಿಸಿಸಿಪ್ಪಿ ನದಿಯ ಮೆಕ್ಕಲು ಮಣ್ಣಿನಲ್ಲಿ ಇದನ್ನು ದೊಡ್ಡ ಬೆಳೆಯಾಗಿ ಮಾಡಿದರು. ಹೈನ್ಜ್ ಎಂಬ ವ್ಯಾಪಾರಿ 1869ರಲ್ಲಿ ತುರಿದ ಹಾರ್ಸ್‌ರಾಡಿಶನ್ನು ಪಾರದರ್ಶಕ ಗಾಜಿನ ಸೀಸೆಯಲ್ಲಿ ಮಾರತೊಡಗಿದ. ಒಳಗೆ ಬೇರೇನೂ ಬೆರೆಸಿಲ್ಲವೆಂದು ಕೊಳ್ಳುವವರು ಕಣ್ಣಾರೆ ಕಾಣಲಿ ಎಂಬುದು ಅದರ ಉದ್ದೇಶ. ಇಂದು ಜಪಾನಿನ ಹೊರಗೆ ‘ವಸಾಬಿ’ ಎಂದು ಬಡಿಸುವ ಹಸಿರು ಮುದ್ದೆಯಲ್ಲಿ ಬಹುಪಾಲು ಇರುವುದು ಇದೇ ಹಾರ್ಸ್‌ರಾಡಿಶ್, ಸಾಸಿವೆ ಮತ್ತು ಹಸಿರು ಬಣ್ಣ. ಈ ಮಾತನ್ನು ವಸಾಬಿಯ ಬೆಲೆ ಹೇಳುವವರ ಮುಂದೆ ನೆನಪಿಡಿ: ಮಾರುಕಟ್ಟೆ ಅಗ್ಗದ ಬದಲಿಯನ್ನು ಆಗಲೇ ಕಂಡುಕೊಂಡಿದೆ.

ಇದನ್ನು ಬೇರಿನ ತುಂಡುಗಳಿಂದ ಬೆಳೆಸುತ್ತಾರೆ. ಪೆನ್ಸಿಲಿನಷ್ಟು ದಪ್ಪದ, ಗೇಣುದ್ದದ ತುಂಡು ಬೇಕು. ಮೇಲ್ತುದಿಯನ್ನು ನೇರವಾಗಿ, ಕೆಳತುದಿಯನ್ನು ಓರೆಯಾಗಿ ಕತ್ತರಿಸುವುದು ರೂಢಿ; ತಲೆಕೆಳಗಾಗಿ ನೆಡದಿರಲು ಅದು ಗುರುತು. ತುಂಡನ್ನು ಓರೆಯಾಗಿ ಮಲಗಿಸಿ, ಮೇಲ್ತುದಿ ಮಣ್ಣಿನಿಂದ ಸ್ವಲ್ಪ ಕೆಳಗಿರುವಂತೆ ಮುಚ್ಚಬೇಕು. ನಮ್ಮಲ್ಲಿ ಮಳೆ ಹಿಂಜರಿದ ಮೇಲೆ, ಅಕ್ಟೋಬರಿನಲ್ಲಿ ನೆಡುವುದು ಸೂಕ್ತ. ಗಿಡಕ್ಕೆ ಚಳಿಯ ವಿಶ್ರಾಂತಿ ಬೇಕಾದ್ದರಿಂದ ಬೆಚ್ಚಗಿನ ಊರುಗಳಲ್ಲಿ ಸೊಪ್ಪು ಸೊಂಪಾಗಿ ಬಂದರೂ ಬೇರು ಸಣಕಲಾಗಿಯೇ ಉಳಿದೀತು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಇದನ್ನು ತೋಟದ ನೆಲದಲ್ಲಿ ನೆಡಬೇಡಿ. ನಲವತ್ತು ಸೆಂಟಿಮೀಟರಿಗಿಂತ ಆಳದ ಕುಂಡದಲ್ಲಿ ನೆಡಿ. ಹಿತವಾದ ಹವೆಯಲ್ಲಿ ಇದರ ಬೇರಿನ ಒಂದು ತುಣುಕು ಉಳಿದರೂ ಮತ್ತೆ ಚಿಗುರುತ್ತದೆ, ಅಗೆದಷ್ಟೂ ಹೆಚ್ಚುತ್ತದೆ. ಲಂಟಾನ, ಯುಪಟೋರಿಯಂಗಳೊಂದಿಗೆ ಹೆಣಗುತ್ತಿರುವ ನಮಗೆ ಇನ್ನೊಂದು ಪಾಠ ಬೇಕಿಲ್ಲ. ಬೇರು, ಸೊಪ್ಪುಗಳನ್ನು ದನಕರುಗಳಿಗೆ ಹಾಕಬೇಡಿ, ಗೊಬ್ಬರದ ಗುಂಡಿಗೂ ಎಸೆಯಬೇಡಿ.

ತುರಿಯುವಾಗ ಕಿಟಕಿ ತೆರೆದಿರಲಿ, ಮಕ್ಕಳು ದೂರವಿರಲಿ. ತುರಿದ ಕೂಡಲೇ ವಿನೆಗರ್ ಬೆರೆಸಿದರೆ ಕಿಣ್ವದ ಕೆಲಸ ನಿಂತು ಘಾಟು ಮೃದುವಾಗುತ್ತದೆ. ಮೂರು ನಿಮಿಷ ತಡೆದು ಬೆರೆಸಿದರೆ ಘಾಟು ಬಲವಾಗುತ್ತದೆ. ಹೊಟ್ಟೆಹುಣ್ಣಿನವರು ಇದರಿಂದ ದೂರವಿರುವುದು ಒಳ್ಳೆಯದು.

ನಮ್ಮ ಹಿತ್ತಿಲಿನ ಹಾರ್ಸ್‌ರಾಡಿಶ್

ಇಂಗ್ಲಿಷಿನಲ್ಲಿ ‘ಹಾರ್ಸ್‌ರಾಡಿಶ್ ಮರ’ ಎಂಬ ಹೆಸರಿನ ಮರವೊಂದು ನಿಮ್ಮೆಲ್ಲರ ಹಿತ್ತಿಲಿನಲ್ಲಿದೆ. ಅದು ನಮ್ಮ ನುಗ್ಗೆ! ಭಾರತಕ್ಕೆ ಬಂದ ಬ್ರಿಟಿಷರು ತಮ್ಮೂರಿನ ಘಾಟನ್ನು ಹುಡುಕಿ, ನುಗ್ಗೆಯ ಎಳೆಯ ಬೇರನ್ನು ತುರಿದು ಮಾಂಸದೊಂದಿಗೆ ತಿಂದರು. ಹೆಸರು ಹಾಗೆ ಬಂತು. ನುಗ್ಗೆಯೂ ಸಾಸಿವೆಯ ದೂರದ ಬಂಧು, ಅದರ ಘಾಟಿಗೂ ಇದೇ ಬಗೆಯ ವಸ್ತುಗಳು ಕಾರಣ. ಆದರೆ ನುಗ್ಗೆ ಬೇರಿನ ತೊಗಟೆಯಲ್ಲಿ ವಿಷಕಾರಿ ಅಂಶಗಳಿವೆ. ಗರ್ಭಿಣಿಯರಂತೂ ಅದನ್ನು ಮುಟ್ಟಲೇಬಾರದು. ಬೇರನ್ನು ತಿನ್ನಿರೆಂದು ನಾನು ಹೇಳುತ್ತಿಲ್ಲ. ತವರಿನ ರುಚಿಗಾಗಿ ಹಂಬಲಿಸಿದವರು ಇದ್ದ ಊರಿನ ಗಿಡದಲ್ಲೇ ಅದನ್ನು ಹುಡುಕಿಕೊಂಡರು ಎಂಬುದನ್ನಷ್ಟೇ ನೆನಪಿಸುತ್ತಿದ್ದೇನೆ. ಘಾಟೇ ಬೇಕಾದರೆ ನಮಗೆ ಸಾಸಿವೆ ಇದೆ. ಮಳೆ ಮುಗಿದ ಮೇಲೆ ಅಂಗಳದ ಒಂದು ಮೂಲೆಯಲ್ಲಿ ಚೆಲ್ಲಿದರೆ ತಿಂಗಳೊಳಗೆ ಸೊಪ್ಪು, ಮೂರು ನಾಲ್ಕು ತಿಂಗಳಲ್ಲಿ ಕಾಳು.

ನೆಡುವ ಮುನ್ನ ಕೇಳಬೇಕಾದದ್ದು

ವೆನಿಲ್ಲಾದ ದಿನಗಳನ್ನು ಹಿರಿಯರು ಮರೆತಿಲ್ಲ. 2000ರಲ್ಲಿ ಹುಡಾ ಚಂಡಮಾರುತ ಮಡಗಾಸ್ಕರಿನ ವೆನಿಲ್ಲಾ ತೋಟಗಳನ್ನು ಹಾಳುಮಾಡಿತು, ಬೆಲೆ ಏರಿತು, 2003ರ ಹೊತ್ತಿಗೆ ಮಲೆನಾಡಿನ ರೈತರು ರಾತ್ರಿ ಬಳ್ಳಿಗಳಿಗೆ ಕಾವಲು ಕೂರುತ್ತಿದ್ದರು. ಮಡಗಾಸ್ಕರ್ ಚೇತರಿಸಿಕೊಂಡಿತು, ಕೃತಕ ವೆನಿಲ್ಲಾ ಅಗ್ಗಕ್ಕೆ ಸಿಕ್ಕಿತು, ಎರಡೇ ವರ್ಷಗಳಲ್ಲಿ ಬೆಲೆ ಕುಸಿದು ಬಳ್ಳಿಗಳು ಅನಾಥವಾದವು. ಆ ಬಳ್ಳಿಯಾದರೂ ನಮ್ಮ ಹವೆಗೆ ಹೊಂದುತ್ತಿತ್ತು. ವಸಾಬಿ ಅದಕ್ಕೂ ಒಪ್ಪುವುದಿಲ್ಲ.

ಆದ್ದರಿಂದ ಸಸಿ ಮಾರಲು ಬಂದವರನ್ನು ನಾಲ್ಕು ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ನಮ್ಮಷ್ಟೇ ಎತ್ತರದ, ನಮ್ಮಷ್ಟೇ ಬಿಸಿಯ ಊರಿನಲ್ಲಿ ಎರಡು ವರ್ಷ ಪೂರೈಸಿದ ಗಿಡ ಎಲ್ಲಿದೆ? ಈ ಸಸಿ ಯಾವ ಪರವಾನಗಿಯ ಮೇಲೆ ಬಂತು? ಗೆಡ್ಡೆಯನ್ನು ಕೊಳ್ಳುವವರು ಯಾರು, ಯಾವ ಬೆಲೆಗೆ? ಗಿಡ ಸತ್ತರೆ ನಷ್ಟ ಯಾರದು?

ಐದನೆಯ ಪ್ರಶ್ನೆಯನ್ನು ನಾವು ನಮ್ಮನ್ನೇ ಕೇಳಿಕೊಳ್ಳಬೇಕು: ನಮ್ಮ ಹಳ್ಳದ ನೀರು ಹೇಗಿದೆ? ಜಪಾನಿನ ಬೆಟ್ಟದ ರೈತನಿಗೆ ತನ್ನ ಒರತೆಯ ಉಷ್ಣತೆ, ಹರಿವು, ಮೇಲಿನ ಕಾಡಿನ ಸ್ಥಿತಿ ಬಾಯಿಪಾಠವಾಗಿರುತ್ತದೆ, ಏಕೆಂದರೆ ಅವನ ಬೆಳೆ ಅದರ ಮೇಲೆ ನಿಂತಿದೆ. ನಮ್ಮ ಅಡಿಕೆ, ಭತ್ತ, ಏಲಕ್ಕಿ, ಕುಡಿಯುವ ನೀರು ನಿಂತಿರುವುದೂ ಅದರ ಮೇಲೆಯೇ. ಅಲ್ಲಿಂದ ನಾವು ತಂದುಕೊಳ್ಳಬೇಕಾದದ್ದು ಗೆಡ್ಡೆಯನ್ನಲ್ಲ, ಒರತೆಯನ್ನು ಕಾಯುವ ಆ ಶಿಸ್ತನ್ನು. ಅದಕ್ಕೆ ಆಮದು ಪರವಾನಗಿ ಬೇಕಿಲ್ಲ. ಈ ವಾರವೇ ಒಂದು ಉಷ್ಣಮಾಪಕ, ಒಂದು ಬಿಂದಿಗೆ, ಒಂದು ನೋಟುಪುಸ್ತಕದೊಂದಿಗೆ ಆರಂಭಿಸೋಣ. ಮುಂದಿನ ಮಳೆಗಾಲದ ಸಭೆಗೆ ಪ್ರತಿ ಊರಿನ ವಿದ್ಯಾರ್ಥಿಗಳೂ ತಮ್ಮ ಒರತೆಯ ಲೆಕ್ಕ ತರಲಿ ಎಂದು ಕೋರುತ್ತೇನೆ.